ಅಲುಗಾಡದ ಚಿಕ್ಕಿ

ನಮ್ಮ ಮನೆಯಲ್ಲಿ ಲವಂಗ ಬೇಕಾದವರು ಲವಂಗದ ಡಬ್ಬಿ ಎಲ್ಲಿ ಎಂದು ಕೇಳುವುದಿಲ್ಲ. ಕರಿ ಡಬ್ಬಿ ಎಲ್ಲಿ ಎಂದು ಕೇಳುತ್ತಾರೆ. ಒಳಗಿನಿಂದ ಅವ್ವ, ಯಾವ ಕರಿ ಡಬ್ಬಿ ಎಂದು ತಿರುಗಿ ಕೇಳುತ್ತಾಳೆ. ಅವಳ ಪ್ರಶ್ನೆ ನ್ಯಾಯವಾದದ್ದೇ. ಲವಂಗ, ಏಲಕ್ಕಿ, ಇಂಗು, ಕರ್ಪೂರ, ಅಂಗಿಯ ಗುಂಡಿ, ನನ್ನ ಎರಡು ಹಾಲುಹಲ್ಲು, ಇವೆಲ್ಲ ನಮ್ಮಲ್ಲಿ ಇರುವುದು ಹೆಬ್ಬೆರಳಿನಷ್ಟು ಎತ್ತರದ, ಒಂದೇ ತರಹದ ಕರಿ ಪ್ಲಾಸ್ಟಿಕ್ ಡಬ್ಬಿಗಳಲ್ಲಿ. ಏಲಕ್ಕಿ ಎಂದುಕೊಂಡು ಚಹಾಕ್ಕೆ ಇಂಗು ಹಾಕಿದ ದಿನಗಳೂ ಇವೆ. ಅದನ್ನು ಕುಡಿದವರೂ ಇದ್ದಾರೆ. ಬದುಕಿದ್ದಾರೆ.

ಮೊನ್ನೆ ಪಲಾವ್ ಮಾಡಲು ಹೋಗಿ, ಲವಂಗ ಹುಡುಕುತ್ತ ಒಂದೊಂದೇ ಡಬ್ಬಿ ತೆರೆದೆ. ಒಂದರ ಮುಚ್ಚಳ ತೆಗೆದು ಇಣುಕಿದರೆ ಒಳಗೆ ಅಡುಗೆಮನೆಯ ಕಟ್ಟೆ ಕಂಡಿತು. ಅದಕ್ಕೆ ತಳವೇ ಇರಲಿಲ್ಲ. ತಳ ಕತ್ತರಿಸಿದವಳು ನಾನೇ, ಅಂಕುಡೊಂಕಾಯಿತೆಂದು ಎಸೆದವಳೂ ನಾನೇ. ಎತ್ತಿ ಮತ್ತೆ ಸಾಲಿನಲ್ಲಿಟ್ಟವಳು ಅವ್ವ, ಯಾವತ್ತಾದರೂ ಬೇಕಾಗುತ್ತದೆ ಎಂದು. ತಳವಿಲ್ಲದ ಡಬ್ಬಿ ಯಾರಿಗೆ ಯಾವಾಗ ಬೇಕಾದೀತು ಎಂದು ನಾನು ವಾದ ಹೂಡಬಹುದಿತ್ತು. ಹೂಡಲಿಲ್ಲ. ಅಂಥ ಡಬ್ಬಿ ಜರೂರು ಬೇಕಾಗಿದ್ದ ಒಂದು ಚಳಿಗಾಲ ನೆನಪಾಗಿ, ಒಲೆಯ ಮೇಲಿನ ಎಣ್ಣೆ ಹೊಗೆಯಾಡುವವರೆಗೆ ನಿಂತೇ ಇದ್ದೆ.

ಈ ಡಬ್ಬಿಗಳನ್ನೆಲ್ಲ ಕೊಟ್ಟವರು ಖಾನಾಪುರದ ಚನ್ನಕಾಕಾ, ನಮ್ಮಪ್ಪನ ತಮ್ಮ. ಕ್ಯಾಮೆರಾಕ್ಕೆ ರೀಲು ಹಾಕುತ್ತಿದ್ದ ಕಾಲದಲ್ಲಿ ಖಾನಾಪುರದ ಪೇಟೆಯಲ್ಲಿ ಅವರದೊಂದು ಫೋಟೋ ಸ್ಟುಡಿಯೋ ಇತ್ತು. ಒಂದು ಮದುವೆ ಮುಗಿದರೆ ಒಂದು ಬುಟ್ಟಿ ಖಾಲಿ ರೀಲ್ ಡಬ್ಬಿ. ಎಸೆಯಲು ಕಾಕಾನಿಗೆ ಮನಸ್ಸು ಬರುತ್ತಿರಲಿಲ್ಲ, ಮನೆಯಲ್ಲಿಡಲು ಅವರ ಹೆಂಡತಿ, ನಮ್ಮ ಕಾಕು, ಬಿಡುತ್ತಿರಲಿಲ್ಲ. ಹಾಗಾಗಿ ಬೀಗರ ಮನೆಗೆ ಹೋದಾಗಲೆಲ್ಲ ಬಾಳೆಹಣ್ಣಿನ ಜೊತೆ ಒಂದು ಚೀಲ ಡಬ್ಬಿ. ನಮ್ಮ ಬಳಗದಲ್ಲಿ ಯಾರ ಅಡುಗೆಮನೆಗೆ ನುಗ್ಗಿದರೂ ನಿಮಗೆ ಕಾಕಾ ಸಿಗುತ್ತಾರೆ.

ನನ್ನ ಮೊದಲ ಫೋಟೋ ತೆಗೆದವರೂ ಅವರೇ. ಶಾಲೆಗೆ ಸೇರಿಸಲು ಬೇಕಾಗಿತ್ತು. ಐದು ವರ್ಷದ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, "ಇಲ್ನೋಡವಾ ವಿಜ್ಜಿ, ಇದರಾಗಿಂದ ಗುಬ್ಬಿ ಬರತೈತಿ, ನಗು" ಅಂದರು.

"ಮೊದಲ ಗುಬ್ಬಿ ತೋರಸ್ರಿ, ಆಮ್ಯಾಲ ನಗ್ತೇನಿ" ಅಂದೆನಂತೆ.

ಆ ಫೋಟೋದಲ್ಲಿ ನನ್ನ ಬಾಯಿ ತೆರೆದಿದೆ, ಹುಬ್ಬು ಗಂಟಿಕ್ಕಿದೆ, ಕೆಳಗಿನ ಮೂಲೆಯಲ್ಲಿ ತೋರುಬೆರಳಿನ ತುದಿ ಬಂದಿದೆ. ಹತ್ತು ವರ್ಷ ನನ್ನ ಎಲ್ಲ ಶಾಲಾ ದಾಖಲೆಗಳ ಮೇಲೆ ನಾನು ಯಾರನ್ನೋ ಬಯ್ಯುತ್ತಲೇ ಇದ್ದೆ.

ಆಮೇಲೆ ಅದನ್ನೇ ಕಸುಬು ಮಾಡಿಕೊಂಡೆ ಎನ್ನಿ. ಹೈಸ್ಕೂಲಿನಿಂದ ಲಾ ಕಾಲೇಜಿನ ತನಕ ಚರ್ಚಾಸ್ಪರ್ಧೆ. ಗೆದ್ದ ಕಪ್ಪುಗಳಲ್ಲಿ ದೊಡ್ಡದರೊಳಗೆ ಅವ್ವ ಕೊತ್ತಂಬರಿ ನಿಲ್ಲಿಸುತ್ತಾಳೆ. ಈಗ ಬೆಳಗಾವಿಯ ಕೋರ್ಟಿನಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ, ಎದ್ದು ನಿಂತು ಮುಂದಿನ ತಾರೀಖು ಕೇಳುವುದು ನನ್ನ ಕೆಲಸ. ಉಳಿದ ವಾದವನ್ನೆಲ್ಲ ಮನೆಯಲ್ಲಿ ಖರ್ಚು ಮಾಡುತ್ತೇನೆ. ಪುರಾವೆ ಇಲ್ಲದೆ ಏನನ್ನೂ ನಂಬುವವಳಲ್ಲ ನಾನು ಎಂದು ಎದೆ ತಟ್ಟಿ ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ, ಎದೆ ತಟ್ಟುವುದನ್ನು ಬಿಟ್ಟಿದ್ದೇನೆ.

ಸ್ಟುಡಿಯೋ ಮುಚ್ಚಿದ ಮೇಲೆ ಕಾಕಾ ಪುಣೆಯಿಂದ ಒಂದು ಹಳೆಯ ದುರ್ಬೀನು ತಂದು ಮಾಳಿಗೆಯ ಮೇಲೆ ನಿಲ್ಲಿಸಿದರು. ಮದುವೆಯ ಗಂಡು ಹೆಣ್ಣು ಸಿಗದಿದ್ದರೆ ಆಕಾಶದ ಫೋಟೋ. ಆದರೆ ಆಕಾಶ ನಿಂತು ಪೋಸು ಕೊಡುವ ಪೈಕಿ ಅಲ್ಲ. ಮಸುಕಾದ ವಸ್ತುವೊಂದರ ಫೋಟೋ ಬೇಕೆಂದರೆ ಕ್ಯಾಮೆರಾವನ್ನು ಕಾಲು ತಾಸು ತೆರೆದಿಡಬೇಕು. ಅಷ್ಟರಲ್ಲಿ ಆಕಾಶ ಸರಿದು ಹೋಗಿರುತ್ತದೆ. ಅದರ ಬೆನ್ನು ಹತ್ತಲು ದುರ್ಬೀನಿಗೆ ಒಂದು ಮೋಟಾರು ಇದೆ. ಆ ಮೋಟಾರಿನ ಗಾಲಿಯ ಹಲ್ಲುಗಳು ಸವೆದಿವೆ. ಒಮ್ಮೆ ಮುಂದೆ ಓಡುತ್ತದೆ, ಒಮ್ಮೆ ಹಿಂದೆ ಬೀಳುತ್ತದೆ. ಅದಕ್ಕಾಗಿ ದೊಡ್ಡ ದುರ್ಬೀನಿನ ಬೆನ್ನಿಗೆ ಒಂದು ಚಿಕ್ಕ ದುರ್ಬೀನು ಕಟ್ಟಿರುತ್ತಾರೆ. ಅದರಲ್ಲಿ ಕಣ್ಣಿಟ್ಟು, ಒಂದೇ ಒಂದು ನಕ್ಷತ್ರವನ್ನು, ಕಾಕಾನ ಮಾತಿನಲ್ಲಿ ಒಂದು ಚಿಕ್ಕಿಯನ್ನು, ಎರಡು ಗೆರೆ ಕೂಡುವಲ್ಲಿ ನಿಲ್ಲಿಸಿಕೊಂಡು, ಅದು ಎಡಕ್ಕೆ ಸರಿದರೆ ಒಂದು ಬಟನ್ನು, ಬಲಕ್ಕೆ ಸರಿದರೆ ಇನ್ನೊಂದು ಬಟನ್ನು ಒತ್ತುತ್ತ ಕೂರಬೇಕು. ಕಾಲು ತಾಸು. ಕುತ್ತಿಗೆ ಸೊಟ್ಟಗೆ ಮಾಡಿ. ಕಣ್ಣು ಮಿಟುಕಿಸದೆ.

ಕಾಕಾ ಇದನ್ನು ಒಂಬತ್ತು ವರ್ಷ ಮಾಡಿದರು. ಕಡೆಗೆ ಅವರ ಕುತ್ತಿಗೆ ಬೋರಿನ ಕೈಪಂಪಿನ ಹಿಡಿಕೆಯ ಹಾಗೆ ಬಗ್ಗಿ ಅಲ್ಲೇ ನಿಂತಿತು. ಯಾರಾದರೂ ಹಿಂದಿನಿಂದ ಕರೆದರೆ ಇಡೀ ದೇಹವನ್ನು ಲಾರಿಯಂತೆ ಹಿಂದೆ ಮುಂದೆ ಮಾಡಿ ತಿರುಗಿಸಬೇಕಾಗುತ್ತಿತ್ತು. ಕಾಕು ಅವರನ್ನು ಬೆಳಗಾವಿಯ ನೆಹರು ನಗರದ ದವಾಖಾನೆಗೆ ಕರೆತಂದಳು. ನಮ್ಮ ಮನೆಯೂ ಅಲ್ಲೇ ಬಾಜು ಇರುವುದರಿಂದ ನಾನೂ ಜೊತೆಗೆ ಹೋದೆ.

"ಏನ್ ಕೆಲಸ ಮಾಡ್ತೀರಿ?" ಎಂದು ಡಾಕ್ಟರು ಕೇಳಿದರು.

"ಒಂದ ಚಿಕ್ಕಿ ಕಾಯ್ತೇನ್ರಿ" ಅಂದರು ಕಾಕಾ.

ಡಾಕ್ಟರು ಕಾಕುವಿನ ಮುಖ ನೋಡಿದರು. ಕಾಕು ಸೂರು ನೋಡಿದಳು.

ಕುತ್ತಿಗೆಗೆ ಪಟ್ಟಿ ಬಂತು, ಬಗ್ಗಬಾರದು ಎಂಬ ಅಪ್ಪಣೆ ಬಂತು. ಹೊರಗೆ ಚಹಾ ಕುಡಿಯುತ್ತ ಕಾಕು ತನ್ನ ತೀರ್ಪನ್ನೂ ಕೊಟ್ಟಳು. "ನಾ ಸಾಲಿ ಹೆಡ್‌ಮಾಸ್ತರಗ ಹೇಳೀನಿ. ಎಳ್ಳಮಾಸಿ ಆದ ಮರುದಿನ ಸೋಮವಾರ ಬಂದು ದುರ್ಬೀನು ಒಯ್ತಾರ. ಹುಡುಗೂರು ನೋಡ್ಲಿ."

"ಹುಡುಗೂರು ಎಲ್ಲಿ ನೋಡ್ತಾವ" ಅಂದರು ಕಾಕಾ, ಮೆಲ್ಲಗೆ. "ಬೀರುದಾಗ ಇಟ್ಟು ಕೀಲಿ ಹಾಕ್ತಾರ. ತಪಾಸಣಿಗೆ ಸಾಹೇಬ್ರು ಬಂದಾಗ ಧೂಳಾ ವರಸ್ತಾರ."

ಆಮೇಲೆ ಚಹಾದ ಬಸಿಯನ್ನು ಮೇಜಿನ ಮೇಲೆ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಸರಿಸುತ್ತ ಕೂತರು. ಅದನ್ನು ನೋಡಿ ನನ್ನ ತೋರುಬೆರಳು ತಾನಾಗಿಯೇ ಮೇಲೆ ಹೋಯಿತು.

"ಕುತ್ತಿಗಿ ಮುಖ್ಯೋ ಚಿಕ್ಕಿ ಮುಖ್ಯೋ, ನೀನ ಹೇಳು" ಎಂದು ಕಾಕು ನನ್ನನ್ನು ತಡೆದಳು.

"ಪ್ರಶ್ನೀನ ತಪ್ಪೈತಿ ಕಾಕು. ಎರಡರಾಗ ಒಂದ ಆರಸಬೇಕಂತ ಯಾರ್ ಹೇಳ್ಯಾರ? ಕುತ್ತಿಗಿ ಬಗ್ಗಸದ ಚಿಕ್ಕಿ ಕಾಯಾಕ ಬರತೈತಿ."

"ಯಾರ್ ಕಾಯ್ತಾರ, ನೀ?"

"ಕ್ಯಾಮೆರಾ."

"ಅದರ ಕುತ್ತಿಗಿ ನೋಯೂದಿಲ್ಲೇನು?"

"ಅದಕ್ಕ ಕುತ್ತಿಗೀನ ಇಲ್ಲ."

ಕಾಕುವಿಗೆ ಈ ಉತ್ತರ ಸ್ವಲ್ಪ ಹಿಡಿಸಿತು. ನಕ್ಷತ್ರ ಕಾಯುವ ಕ್ಯಾಮೆರಾ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಅದರ ಬೆಲೆ ಕೇಳಿದರೆ ಕುತ್ತಿಗೆ ತಾನಾಗಿಯೇ ನೆಟ್ಟಗಾಗುತ್ತದೆ. ಬಿಡಿ ಬೋರ್ಡುಗಳನ್ನು ಕೂಡಿಸಿ ನಾನೇ ಮಾಡುತ್ತೇನೆ ಅಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಬೇಕಾದ್ದಕ್ಕಿಂತ ಹೆಚ್ಚು ಸಾಧಿಸಲು ಹೋಗಬೇಡ ಎಂದು ಚರ್ಚೆ ಕಲಿಸಿದ ಮೇಷ್ಟ್ರೆಲ್ಲ ಹೇಳಿದ್ದರು. ಆದರೂ ಅಂದೆ: "ಎಳ್ಳಮಾಸಿ ಸಂಜೀ ಒಳಗ ಫೋಟೋ ಬಂದಿರತೈತಿ. ಕಾಕಾ ಖುರ್ಚಿ ಮ್ಯಾಲ ನೆಟ್ಟಗ ಕುಂತಿರ್ತಾರ. ಎಲ್ಲಾ ಚಿಕ್ಕಿ ದುಂಡಗ ಇರ್ತಾವ. ಒಂದ ಉದ್ದ ಕಂಡ್ರೂ ಹೆಡ್‌ಮಾಸ್ತರ ಒಯ್ಲಿ."

"ಒಂದ ಉದ್ದ ಕಂಡ್ರೂ?" ಅಂದಳು ಕಾಕು.

"ಒಂದ."

ಬೆಳಗಾವಿಯಲ್ಲಿ ನನಗೆ ಬೋರ್ಡುಗಳ ವಿಷಯ ತಿಳಿದ ಒಬ್ಬನೇ ಗೆಳೆಯ ಸನ್ಮತಿ. ಟಿವಿ, ಮಿಕ್ಸರು ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನ ಅಪ್ಪ ದಿನಾ ಬೆಳಿಗ್ಗೆ ಕೋಟೆಯೊಳಗಿನ ಬಸದಿಗೆ ಹೋಗಿ ಬಂದೇ ಅಂಗಡಿಯ ಬಾಗಿಲು ತೆಗೆಯುವವರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸನ್ಮತಿ ನನ್ನ ಎದುರಾಳಿಯಾಗಿದ್ದ. ಎದ್ದು ನಿಂತವನೇ, "ಒಂದು ದೃಷ್ಟಿಯಿಂದ ನೋಡಿದರೆ ವಿಜಯಲಕ್ಷ್ಮಿಯವರು ಹೇಳಿದ್ದೂ ಸತ್ಯ" ಎಂದು ಶುರು ಮಾಡುತ್ತಿದ್ದ. ನಿರ್ಣಾಯಕರು ಕಣ್ಣು ಒದ್ದೆ ಮಾಡಿಕೊಂಡು ಅವನಿಗೆ ಮೂರನೆಯ ಬಹುಮಾನ ಕೊಡುತ್ತಿದ್ದರು.

ಬೇಕಾದದ್ದು ಮೂರು ಬೋರ್ಡು. ಬಿಸ್ಕೀಟಿನ ಅರ್ಧದಷ್ಟಿರುವ ಕ್ಯಾಮೆರಾ ಬೋರ್ಡು. ಅದು ಕಂಡದ್ದನ್ನು ಲೆಕ್ಕ ಹಾಕಲು ಇಸ್ಪೀಟಿನ ಎಲೆಯಷ್ಟಿರುವ ಕಂಪ್ಯೂಟರ್ ಬೋರ್ಡು. ಕಾಕಾನ ಹೆಬ್ಬೆರಳಿನ ಬದಲು ಬಟನ್ನು ಒತ್ತಲು, ಟಿಕ್ ಎನ್ನುವ ನಾಲ್ಕು ಸ್ವಿಚ್ಚುಗಳಿರುವ ಇನ್ನೊಂದು ಬೋರ್ಡು. ಸನ್ಮತಿ ವಯರು ಬೆಸೆದ. ಪ್ರೋಗ್ರಾಮು ನಾನು ಬರೆದೆ. ಇಂಟರ್ನೆಟ್ಟು ನೋಡಿ ಕಲಿತೆ, ಕಷ್ಟವಾಗಲಿಲ್ಲ. ಹೀಗಾದಲ್ಲಿ ಹಾಗೆ ಮಾಡತಕ್ಕದ್ದು ಎಂದು ಬರೆಯುವುದು ವಕೀಲರಿಗೆ ಹೊಸದಲ್ಲವಲ್ಲ. ಎಲ್ಲಕ್ಕಿಂತ ಹೆಚ್ಚು ಹೊಳೆಯುವ ಚುಕ್ಕೆಯನ್ನು ಹಿಡಿಯತಕ್ಕದ್ದು. ಅದು ಸರಿದಲ್ಲಿ ಬಟನ್ನು ಒತ್ತಿ ಮೊದಲಿನ ಜಾಗಕ್ಕೆ ತರತಕ್ಕದ್ದು. ಚುಕ್ಕೆ ಎಷ್ಟು ಸರಿಯಿತು ಎಂದು ತೋರಿಸಲು ಪರದೆಯ ಮೇಲೆ ಒಂದು ಗೆರೆ.

ಆದರೆ ಕ್ಯಾಮೆರಾ ಬೋರ್ಡನ್ನು ದುರ್ಬೀನಿನ ತೂತಿನಲ್ಲಿ ಕೂರಿಸುವುದು ಹೇಗೆ? ನೀರಿನ ಪೈಪು ತಂದೆವು, ಒಳಗೆ ಹೋಗಲಿಲ್ಲ. ಅದಕ್ಕಿಂತ ಸಣ್ಣದು ತಂದೆವು, ಗಡಗಡ ಅಂದಿತು. ಕುಕ್ಕರಿನ ರಬ್ಬರು ಸುತ್ತಿದೆವು; ಅವತ್ತು ಮನೆಯಲ್ಲಿ ಬೇಳೆ ಬೇಯಲಿಲ್ಲ. ಕಡೆಗೊಂದು ದಿನ ಚಹಾ ಮಾಡುತ್ತ ಏಲಕ್ಕಿಗೆಂದು ಕರಿ ಡಬ್ಬಿಯನ್ನು ಕೈಗೆತ್ತಿಕೊಂಡವಳು ಹಾಗೇ ಹೋಗಿ ತೂತಿಗೆ ಹಿಡಿದು ನೋಡಿದೆ. ಬಾಟಲಿಗೆ ಬಿರಡೆ ಕೂತ ಹಾಗೆ ಕೂತಿತು. ದುರ್ಬೀನಿನ ತೂತಿಗೂ ಕಾಕಾನ ರೀಲ್ ಡಬ್ಬಿಗೂ ಯಾರೋ ಮೊದಲೇ ಜಾತಕ ಕೂಡಿಸಿದ್ದರು ಎನ್ನಬೇಕು. ನಾನು ಜಾತಕ ನಂಬುವವಳಲ್ಲ, ಆದ್ದರಿಂದ ಎನ್ನುವುದಿಲ್ಲ. ಬೆಳಕು ಒಳಗೆ ಬರಲೆಂದು ತಳ ಕತ್ತರಿಸುವಾಗ ಒಂದು ಡಬ್ಬಿ ಹಾಳಾಯಿತು, ಎರಡನೆಯದು ಸರಿಯಾಯಿತು. ಅದು ಲವಂಗದ್ದು. ಆ ಕ್ಯಾಮೆರಾ ಇವತ್ತಿಗೂ ಪಲಾವಿನ ವಾಸನೆ ಹೊಡೆಯುತ್ತದೆ.

ಕಾಕಾನ ಚಿಕ್ಕ ದುರ್ಬೀನನ್ನು ತರಿಸಿಕೊಂಡು ನಮ್ಮ ಮಾಳಿಗೆಯ ಮೇಲೆ ಪರೀಕ್ಷೆ ಮಾಡಿದೆವು. ನೆಹರು ನಗರದ ಆಕಾಶದಲ್ಲಿ ದೀಪಗಳ ಬೆಳಕೇ ಹೆಚ್ಚು, ನಕ್ಷತ್ರ ಕಮ್ಮಿ. ಆದರೂ ಪರದೆಯ ಮೇಲೆ ಒಂದು ಬಿಳಿ ಚುಕ್ಕೆ ಕಂಡಿತು. ಗೆರೆ ಎಳೆದ ಹಗ್ಗದಂತೆ ನೇರ.

"ಒಮ್ಮೆ ಮುಚ್ಚಳಾ ಹಾಕಿ ನೋಡೂಣೇನು?" ಅಂದ ಸನ್ಮತಿ. "ಕತ್ತಲದಾಗ ಏನೂ ಕಾಣಬಾರದು, ಅಲ್ಲ? ಅದನ್ನೂ ಖಾತ್ರಿ ಮಾಡ್ಕೊಳ್ಳೂಣು."

"ಹಾಡಾಕ ಬರತೈತೋ ಇಲ್ಲೋ ನೋಡಾಕ ಯಾರರೆ ಬಾಯಿ ಮುಚ್ಚತಾರೇನು?" ಅಂದೆ.

ಸನ್ಮತಿ ಯೋಚಿಸಿ, ಒಂದು ದೃಷ್ಟಿಯಿಂದ ಅದೂ ಖರೇ ಅಂದ. ನಾನು ಗೆದ್ದೆ. ನನ್ನ ಬದುಕಿನಲ್ಲಿ ಅಷ್ಟು ಸುಲಭವಾಗಿ ಗೆದ್ದ ಇನ್ನೊಂದು ವಾದ ನೆನಪಿಲ್ಲ.

ಎಳ್ಳಮಾವಾಸ್ಯೆ ರವಿವಾರ ಬಿದ್ದಿತ್ತು. ನಾವು ಶುಕ್ರವಾರವೇ ಖಾನಾಪುರದ ಬಸ್ಸು ಹತ್ತಿದೆವು. ಸನ್ಮತಿಯದು ಹೊತ್ತು ಮುಳುಗುವ ಮೊದಲೇ ಊಟ. ಆಮೇಲೆ ನೀರೂ ಇಲ್ಲ. ಕಾಕು ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ ಏನೂ ಇಲ್ಲದ ಪಲ್ಯ ಮಾಡಿ, ಐದೂವರೆಗೆ ಬಿಸಿ ರೊಟ್ಟಿ ಬಡಿದಳು. "ಇಷ್ಟ ಉಂಡು ಮುಂಜಾನೀತನಕ ಹ್ಯಾಂಗ ಇರ್ತದೋ ಕೂಸು" ಎಂದು ಮರುಗುತ್ತ ಅವನಿಗೆ ಐದು ರೊಟ್ಟಿ ತಿನ್ನಿಸಿದಳು. ನಕ್ಷತ್ರ ನೋಡುವವರಿಗೆ ಅವನ ಪದ್ಧತಿಯೇ ಸರಿ ಎನಿಸಿತು. ಕತ್ತಲಾಗುವಾಗ ಅವನು ತೇಗಿ ಸಿದ್ಧನಾಗಿ ನಿಂತಿದ್ದ. ನನ್ನ ಹೊಟ್ಟೆ ಮೊದಲ ನಕ್ಷತ್ರಕ್ಕೆ ಗುರುಗುಟ್ಟಲು ಶುರುಮಾಡಿತು.

ಕಾಕಾ ಹೇಳಿದ್ದ ಗುರಿ ಆಂಡ್ರೊಮಿಡಾ ಎಂಬ ಗೆಲಾಕ್ಸಿ. ಆ ತಿಂಗಳಲ್ಲಿ ಏಳು ಗಂಟೆಗೇ ಉತ್ತರದ ಕಡೆ ಎತ್ತರದಲ್ಲಿರುತ್ತದೆ. ಒಂಬತ್ತು ವರ್ಷದಲ್ಲಿ ಅದರ ಒಂದು ಫೋಟೋವೂ ಅವರಿಗೆ ಸರಿಯಾಗಿ ಬಂದಿರಲಿಲ್ಲ; ಕುತ್ತಿಗೆ ಹೋದದ್ದೇ ಅದರ ಬೆನ್ನು ಹತ್ತಿ. ಪಟ್ಟಿ ಕಟ್ಟಿಕೊಂಡು ಪ್ಲಾಸ್ಟಿಕ್ ಖುರ್ಚಿಯ ಮೇಲೆ ನೆಟ್ಟಗೆ ಕೂತು ನಮಗೆ ದಿಕ್ಕು ಹೇಳಿದರು. ನಾನು ಕ್ಯಾಮೆರಾ ಚಾಲೂ ಮಾಡಿದೆ. ಚುಕ್ಕೆ ಬಂತು. ಗೆರೆ ನೇರ. ಕಾಲು ತಾಸಿನ ನಂತರ ದೊಡ್ಡ ದುರ್ಬೀನಿನ ಕ್ಯಾಮೆರಾ ತೆಗೆದ ಫೋಟೋ ತೆರೆದೆವು.

"ಜೀರಗಿ ಚೆಲ್ಲಿದಂಗ ಐತಿ" ಅಂದಳು ಕಾಕು.

ನಿಜ. ಒಂದೊಂದು ನಕ್ಷತ್ರವೂ ಉದ್ದಕ್ಕೆ ಜೀರಿಗೆಯಂತೆ ಎಳೆದಿತ್ತು. ನಾನು ಎದೆಗುಂದಲಿಲ್ಲ. ಗೆರೆ ನೇರವಿದೆ ಎಂದರೆ ಕ್ಯಾಮೆರಾ ತನ್ನ ಕೆಲಸ ಮಾಡಿದೆ. ಆದ್ದರಿಂದ ತಪ್ಪು ಬೇರೆಲ್ಲೋ ಇದೆ. ನಡುವೆ ರೈಲು ಹೋಗಿತ್ತಲ್ಲ, ಅದರಿಂದ ಮನೆ ಅದುರಿರಬೇಕು ಅಂದೆ. ರೈಲಿಗೂ ನಮ್ಮ ಮನಿಗೂ ಎಷ್ಟ ದೂರ ಐತೆಂದು ಕಾಕು ಕೇಳಿದಳು. ಅದು ವಿಷಯಾಂತರ ಅಂದೆ.

ಶನಿವಾರ ಹಗಲೆಲ್ಲ ದುರ್ಬೀನಿನ ಒಂದೊಂದು ಸ್ಕ್ರೂ ಬಿಗಿ ಮಾಡಿದೆವು. ಸಂಜೆಗೆ ಮತ್ತೆ ಗೆರೆ ನೇರ, ಮತ್ತೆ ಜೀರಿಗೆ. ಈ ಸಲ ಗಾಳಿ ಅಂದೆ.

ಸನ್ಮತಿ ಕೆಮ್ಮಿದ. "ವಿಜ್ಜಿ, ಎರಡು ದಿನದಾಗ ಸ್ವಿಚ್ಚು ಒಮ್ಮೆನೂ ಟಿಕ್ ಅಂದಿಲ್ಲ. ಅದು ಚೊಲೋನೋ ಕೆಟ್ಟೋ?"

ಅಷ್ಟು ಸಾಕಿತ್ತು ನನಗೆ. ಇನ್ನೊಂದು ಫೋಟೋ ಶುರು ಮಾಡಿ, ಲ್ಯಾಪ್‌ಟಾಪನ್ನು ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲಿಟ್ಟು ಎದ್ದು ನಿಂತೆ. ಜಗಳವೇ ಇಲ್ಲದ ಮನೆಯಲ್ಲಿ ಪಂಚರು ಬೇಕಾಗುವುದಿಲ್ಲ, ಹಾಗೆಯೇ ಅಲುಗಾಡದ ನಕ್ಷತ್ರಕ್ಕೆ ಬಟನ್ನು ಬೇಕಾಗುವುದಿಲ್ಲ ಅಂದೆ. ಕಣ್ಣು ಮೋಸ ಹೋಗುತ್ತದೆ, ಫೋಟೋ ಮೋಸ ಹೋಗುತ್ತದೆ, ಗೆರೆ ಮೋಸ ಹೋಗುವುದಿಲ್ಲ ಅಂದೆ. ನಂಬಿಕೆ ಬೇರೆ, ಪುರಾವೆ ಬೇರೆ. ಇಗೋ ಪೂರ್ವಗ್ರಹವಿಲ್ಲದ ಸಾಕ್ಷಿ ಎಂದು ಪರದೆಯತ್ತ ಕೈ ಮಾಡಿದೆ. ಗೆರೆ ನೇರವಾಗಿ ಹರಿಯುತ್ತಿತ್ತು. ಹತ್ತು ನಿಮಿಷ ಮಾತಾಡಿರಬೇಕು. ಕಾಕಾ ಕೂಡ ತಲೆಯಾಡಿಸಲು ನೋಡಿದರು, ಪಟ್ಟಿ ಬಿಡಲಿಲ್ಲ.

ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಕಾಕು ಕೇಳಿದಳು: "ಮುಚ್ಚಿದ್ರೂ ಕಾಣತೈತೇನು ಅದಕ್ಕ?"

"ಏನ್ ಮುಚ್ಚಿದ್ರ?"

"ಸಣ್ಣ ದುರ್ಬೀನಿನ ಗಾಜಿನ ಮ್ಯಾಲ ಇಬ್ಬನಿ ಬೀಳಾಕತ್ತಿತ್ತು. ವಾಟಗಾ ಡಬ್ ಹಾಕೀನಿ."

ನೋಡಿದೆವು. ಚಿಕ್ಕ ದುರ್ಬೀನಿನ ಬಾಯಿಗೆ ಬೋರಲು ಹಾಕಿದ ಒಂದು ಸ್ಟೀಲಿನ ಬಟ್ಟಲು, ಕಾಕುವಿನ ವಾಟಗಾ, ಒಳಗೆ ಇಬ್ಬನಿ ನುಸುಳದಂತೆ ಅದರ ಮೇಲೊಂದು ಅರಿವೆ, ಅರಿವೆಗೆ ದಾರ. ಕಾಕು ಉಪ್ಪಿನಕಾಯಿ ಭರಣಿಗೆ ಕಟ್ಟುವ ಹಾಗೆ ಕಟ್ಟಿದ್ದಳು.

"ಯಾವಾಗ ಹಾಕಿದಿ ಕಾಕು?"

"ನೀ ಮಾತಾಡಾಕ ಎದ್ದು ನಿಂತ್ಯೆಲ್ಲ, ಆವಾಗ."

ಪರದೆಯ ಮೇಲೆ ನನ್ನ ನಕ್ಷತ್ರ ಸ್ಟೀಲಿನ ವಾಟಗಾದ ಆಚೆಯಿಂದ ಫಳಫಳ ಹೊಳೆಯುತ್ತಿತ್ತು. ಗೆರೆ ನೇರವಾಗಿಯೇ ಇತ್ತು.

ಆಮೇಲೆ ತಿಳಿದದ್ದು ಇಷ್ಟು. ಕ್ಯಾಮೆರಾ ಬೋರ್ಡಿನ ಕಣ್ಣು ಲಕ್ಷಾಂತರ ಸಣ್ಣ ಸಣ್ಣ ಮನೆಗಳಿಂದ ಆದದ್ದು. ನಮ್ಮ ಬೋರ್ಡಿನಲ್ಲಿ ಒಂದು ಮನೆ ಕೆಟ್ಟಿತ್ತು. ಬೆಳಕು ಬಿದ್ದರೂ ಬೀಳದಿದ್ದರೂ ಅದರ ದೀಪ ಆರುವುದಿಲ್ಲ. ಅತಿ ಹೆಚ್ಚು ಹೊಳೆಯುವ ಚುಕ್ಕೆ ಹಿಡಿಯತಕ್ಕದ್ದು ಎಂದು ನಾನು ಬರೆದಿದ್ದೆ, ಅದನ್ನೇ ಹಿಡಿದಿತ್ತು. ಕ್ಯಾಮೆರಾದ ಒಳಗೇ ಇರುವ ಚುಕ್ಕೆ ಎಲ್ಲಿಗೆ ಸರಿದೀತು? ದುರ್ಬೀನು ಎತ್ತ ಓಡಿದರೂ ಅದು ಜೊತೆಯಲ್ಲೇ ಇತ್ತು. ಎರಡು ದಿನ ನಾವು ಇಡೀ ಆಕಾಶ ಬಿಟ್ಟು ಲವಂಗದ ಡಬ್ಬಿಯ ಒಳಗನ್ನು ಕಾಯುತ್ತಿದ್ದೆವು.

"ಒಂದ ದೃಷ್ಟಿಲೆ ನೋಡಿದ್ರ ನೀ ಹೇಳಿದ್ದೂ ಖರೇ" ಅಂದ ಸನ್ಮತಿ. "ನಿನ್ನ ಚಿಕ್ಕಿ ಅಲುಗಾಡಿಲ್ಲ."

ಕಾಕಾನ ಭುಜಗಳು ಕುಣಿಯತೊಡಗಿದವು. "ನಗಸಬ್ಯಾಡ್ರೋ" ಅಂದರು, "ಕುತ್ತಿಗಿ ನೋಯ್ತೈತಿ."

ರವಿವಾರ ಎಲ್ಲರೂ ಚರಗ ಚೆಲ್ಲಲು ಹೊಲಕ್ಕೆ ಹೋದರು. ನಾನು ಹೋಗಲಿಲ್ಲ. ಭೂಮಿತಾಯಿಗೆ ಎಡೆ ಹಾಕುವ ಹೊತ್ತಿನಲ್ಲಿ ಒಬ್ಬಳೇ ಮಾಳಿಗೆಯ ಮೇಲೆ ಕೂತು, ದುರ್ಬೀನಿಗೆ ವಾಟಗಾ ಡಬ್ಬು ಹಾಕಿ, ಕತ್ತಲೆಯ ಫೋಟೋಗಳನ್ನು ತೆಗೆದೆ. ಕತ್ತಲೆಯಲ್ಲೂ ಹೊಳೆಯುವುದನ್ನು ನಕ್ಷತ್ರವೆಂದು ತಿಳಿಯತಕ್ಕದ್ದಲ್ಲ ಎಂದು ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದೆ. ಆ ಸಾಲು ಬರೆಯುವಾಗ ಸನ್ಮತಿ ಎದುರಿಗಿಲ್ಲದ್ದು ಒಳ್ಳೆಯದಾಯಿತು. ಅವರು ಹೊಲದಿಂದ ತಂದ ಸಜ್ಜಿರೊಟ್ಟಿ, ಎಣಗಾಯಿ, ಕಡಬನ್ನು ತಲೆಯೆತ್ತದೆ ತಿಂದೆ.

ಸಂಜೆ ಏಳೂವರೆ. ಕಾಕಾ ಖುರ್ಚಿಯ ಮೇಲೆ. ನಾಳೆ ಬೆಳಿಗ್ಗೆ ಹೆಡ್‌ಮಾಸ್ತರರು ಬರುವವರು. ಯಾರೂ ಅದರ ಮಾತೆತ್ತಲಿಲ್ಲ. ಕಾಕಾ ಮಾತ್ರ ಒಂದು ಅರಿವೆ ತಂದು ದುರ್ಬೀನಿನ ಕಾಲು ಮೂರನ್ನೂ ಒರೆಸಿದರು, ಕೂತ ಖುರ್ಚಿಯಿಂದ ಕೈ ಎಟುಕುವಷ್ಟು.

ಕ್ಯಾಮೆರಾ ಚಾಲೂ ಮಾಡಿದೆ. ಈ ಸಲದ ಚುಕ್ಕೆ ಮಂಕಾಗಿತ್ತು, ಗೆರೆ ಚಳಿಜ್ವರ ಬಂದವರ ಕೈಬರಹದಂತೆ ಮೇಲೆ ಕೆಳಗೆ ಕುಣಿಯಿತು. ಆರಿಸಿಬಿಡಲು ಕೈ ಚಾಚಿದೆ. ಅಷ್ಟರಲ್ಲಿ ಬೋರ್ಡು ಟಿಕ್ ಅಂದಿತು. ಗೆರೆ ಕೆಳಗಿಳಿಯಿತು. ಮತ್ತೆ ಏರಿತು, ಮತ್ತೆ ಟಿಕ್.

"ಈ ಸಲ ಆಗತೈತಿ ಬಿಡು" ಅಂದಳು ಕಾಕು. ಬೋರ್ಡು ಟಿಕ್ ಅಂದಿತು. ಕಾಕು ಬೆರಳಿನಿಂದ ನೆಲವನ್ನು ಮೂರು ಸಲ ತಟ್ಟಿದಳು. "ಹಲ್ಲಿ ನುಡೀತು. ಖರೇನ ಆಗತೈತಿ."

"ಕಾಕು, ಅದು ಹಲ್ಲಿ ಅಲ್ಲ, ಸ್ವಿಚ್ಚು."

ಬೋರ್ಡು ಟಿಕ್ ಅಂದಿತು. ಕಾಕು ಮತ್ತೆ ತಟ್ಟಿದಳು. "ನೀ ಹೇಳಿದ್ದೂ ಖರೇ ಅಂತೈತಿ ಹಲ್ಲಿ" ಅಂದಳು.

ಕಾಲು ತಾಸು ಯಾರೂ ಕದಲಲಿಲ್ಲ. ಕಾಕಾನ ಎರಡು ಹೆಬ್ಬೆರಳುಗಳು ಮಾತ್ರ ತೊಡೆಯ ಮೇಲೆ, ಇಲ್ಲದ ಬಟನ್ನುಗಳನ್ನು ಒತ್ತುತ್ತಿದ್ದವು. ಬೋರ್ಡಿಗಿಂತ ಒಂದು ಕ್ಷಣ ಮೊದಲೇ ಒತ್ತುತ್ತಿದ್ದವು ಎಂದು ನನಗೆ ಅನ್ನಿಸಿತು. ಅದಕ್ಕೆ ಪುರಾವೆ ಇಲ್ಲ.

ಫೋಟೋ ತೆರೆಯಿತು. ಕಾಕು ಕನ್ನಡಕ ಹಾಕಿಕೊಂಡು, ಅಕ್ಕಿಯಲ್ಲಿ ಹರಳು ಆರಿಸುವವಳಂತೆ ಪರದೆಯ ಮೂಲೆಯಿಂದ ಶುರು ಮಾಡಿದಳು. ಒಂದೊಂದನ್ನೂ ಬೆರಳಿಟ್ಟು ನೋಡಿದಳು. ದುಂಡಗ. ದುಂಡಗ. ಇದೂ ದುಂಡಗ. ಸಾಸಿವೆ ಚೆಲ್ಲಿದಂಗ ಐತಿ ಅಂದಳು. ನಾನು ಸನ್ಮತಿಯ ಕೈ ಕುಲುಕಿಯೂ ಆಗಿತ್ತು. ಆಗ ಬೆರಳು ಪರದೆಯ ನಟ್ಟನಡುವೆ ಬಂದು ನಿಂತಿತು.

"ಇದು ಉದ್ದ ಐತಿ."

ಕಾಕು ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದಳು.

"ಎಲ್ಲಾಕ್ಕಿಂತ ದೊಡ್ಡದು, ಅದನ ಎಳದಂಗ ಆಗೈತಿ. ಒಂದ ಉದ್ದ ಕಂಡ್ರೂ ಅಂತ ಅಂದಿದ್ದಿ."

"ಕಾಕು, ಅದು ಚಿಕ್ಕಿ ಅಲ್ಲ. ಅದು ಗೆಲಾಕ್ಸಿ. ಅದು ಇರೂದನ ಉದ್ದ."

"ಮೊನ್ನೆ ರೈಲು ಅಂದಿ. ನಿನ್ನೆ ಗಾಳಿ ಅಂದಿ. ಇವತ್ತ ಚಿಕ್ಕೀನ ಅಲ್ಲ ಅಂತಿ."

ಹತ್ತು ವರ್ಷದ ಚರ್ಚಾಸ್ಪರ್ಧೆಯಲ್ಲಿ ನಾನು ಎಷ್ಟೋ ಸುಳ್ಳುಗಳನ್ನು ನಿರ್ಣಾಯಕರ ಗಂಟಲಲ್ಲಿ ಬೆಣ್ಣೆಯಂತೆ ಇಳಿಸಿದ್ದೇನೆ. ಅವತ್ತು ಅಪ್ಪಟ ಸತ್ಯವೊಂದು ನನ್ನ ಕೈಯಲ್ಲಿತ್ತು, ಹೇಳಿದ ಹಾಗೆಲ್ಲ ಅದು ಸುಳ್ಳಿನಂತೆ ಕೇಳತೊಡಗಿತು. ಕಾಕಾನತ್ತ ತಿರುಗಿದೆ.

"ಅವರನ್ನ ಕೇಳಬ್ಯಾಡ" ಅಂದಳು ಕಾಕು. "ಅದು ಅವರ ದುರ್ಬೀನು, ಅವರು ನಿನ್ನ ಕಡೆನ ಹೇಳ್ತಾರ."

ಕಾನೂನಿನ ಪ್ರಕಾರವೂ ಅವಳ ಮಾತು ಸರಿ. ಸನ್ಮತಿ ಬಾಯಿ ತೆರೆದ. "ಒಂದ ದೃಷ್ಟಿಲೆ ನೋಡಿದ್ರ ಕಾಕು ಹೇಳೂದ್ರಾಗೂ..." ಎನ್ನುವಷ್ಟರಲ್ಲಿ ನಾನು ಅವನನ್ನು ನೋಡಿದ ರೀತಿಗೆ ಬಾಯಿ ಮುಚ್ಚಿದ.

ಉಳಿದದ್ದು ಒಂದೇ ದಾರಿ. ಚಿಕ್ಕ ದುರ್ಬೀನಿನಿಂದ ನನ್ನ ಕ್ಯಾಮೆರಾವನ್ನು ಕಿತ್ತೆ. ಆ ಜಾಗದಲ್ಲಿ ಕಾಕಾ ಕಣ್ಣಿಡುತ್ತಿದ್ದ ಹಳೆಯ ಮಸೂರ ಹಾಕಿದೆ. "ನನ್ನ ಮಾತು ನಂಬಬ್ಯಾಡ. ನೀನ ನೋಡು."

"ನನಗೇನ ತಿಳೀತೈತಿ ಅದರಾಗ."

"ದುಂಡಗೋ ಉದ್ದೋ, ಅಷ್ಟ ಹೇಳು."

ಒಂಬತ್ತು ವರ್ಷದಲ್ಲಿ ಕಾಕು ಒಮ್ಮೆಯೂ ಅದರಲ್ಲಿ ಇಣುಕಿರಲಿಲ್ಲ. ಕಾಕಾ ಕರೆದಾಗಲೆಲ್ಲ ಒಲೆಯ ಮೇಲೆ ಏನಾದರೊಂದು ಇರುತ್ತಿತ್ತು. ಆಮೇಲೆ ಕಾಕಾ ಕರೆಯುವುದನ್ನೂ ಬಿಟ್ಟರು. ಈಗ ಸೆರಗು ಸಿಕ್ಕಿಸಿ, ಕನ್ನಡಕ ತೆಗೆದು, ಕುತ್ತಿಗೆ ಸೊಟ್ಟಗೆ ಮಾಡಿ ಬಗ್ಗಿದಳು.

"ಏನೂ ಕಾಣವಲ್ದು."

"ಸ್ವಲ್ಪ ನಿಂದ್ರು" ಅಂದರು ಕಾಕಾ. "ಕಣ್ಣು ಕತ್ತಲಕ್ಕ ಹೊಂದಲಿ."

ನಿಂತಳು. ಕೆಳಗೆ ರಸ್ತೆಯಲ್ಲಿ ಯಾರದೋ ಮೋಟಾರ್‌ಸೈಕಲ್ಲು ಹೋಯಿತು. ಪಕ್ಕದ ಮನೆಯವರು ಮರಾಠಿಯಲ್ಲಿ ಮಗನನ್ನು ಊಟಕ್ಕೆ ಕರೆದರು.

"ಹ್ಞಾಂ" ಅಂದಳು ಕಾಕು. ಬಹಳ ಹೊತ್ತಿನ ಮೇಲೆ, "ಹೊಗಿ ಇದ್ದಂಗ ಐತಿ" ಅಂದಳು. ಇನ್ನೂ ಹೊತ್ತಾದ ಮೇಲೆ, "ಉದ್ದನ ಐತಿ" ಅಂದಳು.

"ಅದೆಲ್ಲಾ ಚಿಕ್ಕೀನ" ಅಂದರು ಕಾಕಾ. "ಎಣಸಾಕ ಬರದಷ್ಟು ಚಿಕ್ಕಿ ಕೂಡಿದ್ದು. ದೂರ ಐತಿ, ಅದಕ್ಕ ಹೊಗಿ ಕಂಡಂಗ ಕಾಣತೈತಿ."

ಕಾಕು ಏಳಲಿಲ್ಲ. "ಸರಕೊಂಡ ಹೊಂಟೈತಿ" ಅಂದಳು.

ಸರಿಯದೆ ಏನು ಮಾಡೀತು? ಕಾಯುವ ಕ್ಯಾಮೆರಾ ನನ್ನ ಕೈಯಲ್ಲಿತ್ತು. ಕಾಕಾ ಕುತ್ತಿಗೆ ಅಲುಗಿಸದೆ ಕೈ ಚಾಚಿ, ಬೋರ್ಡಿನ ವಯರು ಬಿಚ್ಚಿ, ಬಟನ್ನಿನ ಡಬ್ಬಿಯನ್ನು ತೊಡೆಯ ಮೇಲೆ ಎಳೆದುಕೊಂಡರು.

"ಯಾ ಕಡೆ?"

"ನನ್ನ ಬಲಗೈ ಕಡೆ."

"ಬಂತೇನು?"

"ಬಂತು. ಸಾಕು. ಮತ್ತ ಹೊಂಟಿತು ನೋಡ್ರಿ, ಬಿಡಬ್ಯಾಡ್ರಿ ಅದನ್ನ."

ನಾನು ಸ್ವಲ್ಪ ಹೊತ್ತು ಕಾದೆ. ಆಮೇಲೆ, "ಕಾಕು, ಕ್ಯಾಮೆರಾ ಮತ್ತ ಹಚ್ಚೂಣೇನು? ನಿನ್ನ ಕುತ್ತಿಗಿ ನೋಯ್ತೈತಿ" ಅಂದೆ.

"ನೀ ಅದನ್ನ ಹಿಡಕೊಂಡು ಸುಮ್ಮ ನಿಂದ್ರು."

ಹಿಡಿದುಕೊಂಡು ನಿಂತೆ. ಸನ್ಮತಿ ನನ್ನ ಬಾಜು ಬಂದು ನಿಂತ. ಖುರ್ಚಿಯ ಮೇಲಿಂದ ಕಾಕಾ, ಯಾರಿಗೂ ಕೇಳಬಾರದೆಂಬಂತೆ, "ನಾಳೆ ಹೆಡ್‌ಮಾಸ್ತರ ಬರ್ತಾರಲ್ಲ" ಅಂದರು.

"ಬರ್ಲಿ" ಅಂದಳು ಕಾಕು, ಕಣ್ಣು ತೆಗೆಯದೆ. "ನೋಡಿ ಹೋಗ್ಲಿ. ಈಗ ಎಡಕ್ಕ ಒತ್ರಿ."